ಹಿತ್ತಲಿನ ಲಂಟಾನ ಮೆಳೆ: ಕಡಿದಷ್ಟೂ ಚಿಗುರುತ್ತಿದೆ, ಏನು ಮಾಡಲಿ?

ಪ್ರಶ್ನೆ, ಎಚ್.ಡಿ. ಕೋಟೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ತೀರಿಕೊಂಡ ಮೇಲೆ ಮೂರು ವರ್ಷ ಹಳ್ಳಿ ಮನೆಗೆ ಬೀಗ ಹಾಕಿದ್ದೆವು. ಈಗ ವಾಪಸ್ ಬಂದು ಇಲ್ಲೇ ಇದ್ದೇವೆ. ಹಿತ್ತಲಲ್ಲಿ ಬಾವಿಗೂ ಕೊಟ್ಟಿಗೆಗೂ ನಡುವೆ ಲಂಟಾನ ಆಳೆತ್ತರ ಬೆಳೆದು ಮೆಳೆಯಾಗಿದೆ. ಹೋದ ವರ್ಷ ಆಳು ಕರೆಸಿ ಎರಡು ಸಲ ಕಡಿಸಿದೆವು. ತಿಂಗಳೊಳಗೆ ಒಂದೊಂದು ಬುಡದಿಂದ ಹತ್ತು ಹತ್ತು ಚಿಗುರು ಬಂತು, ಮೊದಲಿಗಿಂತ ದಟ್ಟವಾಯಿತು. ಒಬ್ಬರು ಉಪ್ಪು ಸುರಿಯಿರಿ ಅನ್ನುತ್ತಾರೆ, ಇನ್ನೊಬ್ಬರು ಔಷಧಿ ಹೊಡೆಸಿ ಅನ್ನುತ್ತಾರೆ, ನಮ್ಮ ಮನೆಯವರು ಜೆಸಿಬಿ ಕರೆಸೋಣ ಅನ್ನುತ್ತಿದ್ದಾರೆ. ನನಗೆ ಒಂದು ಹಸು ಕಟ್ಟಬೇಕು ಅಂತ ಆಸೆ. ಮಗಳಿಗೆ ಐದು ವರ್ಷ, ಆ ಹಣ್ಣು ಕೀಳಲು ಹೋಗುತ್ತಾಳೆ, ಅದೊಂದು ಭಯ. ನಿಜವಾಗಿ ತೆಗೆದು ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗುಂಡ್ಲುಪೇಟೆಯಿಂದ

ತಂಗಿ, ನಾನು ಗೆದ್ದಿದ್ದೇನೆ, ಆದರೆ ನಾಲ್ಕು ವರ್ಷ ಸೋತ ಮೇಲೆ. ಆ ನಾಲ್ಕು ವರ್ಷ ನಿಮಗೆ ಉಳಿಯಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮದು ಕಾಡಂಚಿನ ಊರು. ಮನೆ ಹಿಂದೆ ಹತ್ತು ಗುಂಟೆ ಜಾಗ, ಅರ್ಧಕ್ಕರ್ಧ ಲಂಟಾನ. ಪ್ರತಿ ವರ್ಷ ದಸರಾ ರಜೆಯಲ್ಲಿ ಮಚ್ಚು ಹಿಡಿದು ಮೊಣಕಾಲೆತ್ತರಕ್ಕೆ ಸವರುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ ಮತ್ತೆ ಸೊಂಟದೆತ್ತರ. ಒಂದು ವರ್ಷ ಒಣಗಿಸಿ ಬೆಂಕಿಯನ್ನೂ ಇಟ್ಟೆ. ಬೂದಿಯ ಮಧ್ಯದಿಂದಲೇ ಚಿಗುರು ಎದ್ದಿತು. ದಯವಿಟ್ಟು ಬೆಂಕಿ ಇಡಬೇಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವು ಹತ್ತಿರದಿಂದ ಕಂಡವರು. ಒಣಗಿ ನಿಂತಿದ್ದ ಲಂಟಾನ ಆ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಹಿತ್ತಲಲ್ಲಿ ಕೊಟ್ಟಿಗೆ ಪಕ್ಕ ಆ ಕೆಲಸ ಬೇಡವೇ ಬೇಡ.

ಕಡಿದರೆ ಯಾಕೆ ಸಾಯುವುದಿಲ್ಲ ಅಂತ ಮೊದಲು ತಿಳಿದುಕೊಳ್ಳಿ. ಒಂದು ಹಳೆಯ ಬುಡದ ಸುತ್ತ ಮಣ್ಣು ಕೆರೆದು ನೋಡಿ. ಕಾಂಡ ಮಣ್ಣು ಸೇರುವ ಜಾಗದಲ್ಲಿ ಗಂಟು ಗಂಟಾಗಿ ಮುಷ್ಟಿಯಷ್ಟು ದಪ್ಪ ಒಂದು ಬೊಡ್ಡೆ ಇರುತ್ತದೆ. ಅದರ ಮೇಲೆ ಸಾಸಿವೆ ಕಾಳಿನ ಹಾಗೆ ಸಣ್ಣ ಸಣ್ಣ ಉಬ್ಬು ಕಾಣುತ್ತದೆ. ಚಿಗುರು ಏಳುವುದು ಅಲ್ಲಿಂದ. ಆ ಗಂಟಿನ ಕೆಳಗೆ ಬೇರು ನುಣ್ಣಗಾಗುತ್ತದೆ, ಬಣ್ಣವೂ ಬೇರೆ, ಅಲ್ಲಿ ಉಬ್ಬು ಇಲ್ಲ. ನೀವು ಕಡಿಯಬೇಕಾದದ್ದು ಆ ನುಣ್ಣಗಿನ ಜಾಗದಲ್ಲಿ. ನೆಲದಿಂದ ಎರಡು ಮೂರು ಬೆರಳು ಕೆಳಗೆ, ಹಳೆಯ ಬುಡವಾದರೆ ಇನ್ನೂ ಸ್ವಲ್ಪ ಕೆಳಗೆ. ಅಲ್ಲಿ ಕಡಿದರೆ ಉಳಿದ ಬೇರು ಮಣ್ಣಲ್ಲೇ ಕೊಳೆಯುತ್ತದೆ. ಪೂರ್ತಿ ಬೇರು ಅಗೆದು ತೆಗೆಯಲೇಬೇಕು ಅಂತಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ತಂಡ ಕಾರ್ಬೆಟ್ ಹುಲಿ ಕಾಡಿನಲ್ಲಿ ಇದೇ ರೀತಿ ಮಾಡಿ, 2009ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಬುಡದ ಕೆಳಗೆ ಕಡಿಯುವುದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡುವುದು, ಆಮೇಲೆ ಬರುವ ಸಸಿಗಳನ್ನು ಕೀಳುವುದು, ಖಾಲಿ ಜಾಗದಲ್ಲಿ ಊರಿನ ಹುಲ್ಲು, ಬಿದಿರು ಬೆಳೆಸುವುದು. ಅಷ್ಟೇ. ನನಗೆ ಇದನ್ನು ಹೇಳಿಕೊಟ್ಟದ್ದು ಪರಿಚಯದ ಒಬ್ಬ ಫಾರೆಸ್ಟ್ ವಾಚರ್. ಒಂದು ಬುಡ ತೋರಿಸಿ ಕಡಿದರು, ಉಳಿದದ್ದು ನಾನೇ ಕಡಿದೆ.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕವೆಗೋಲಿನಿಂದ ಮೆಳೆಯನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬುಡಕ್ಕೆ ಕೂರಬೇಕು. ಮೊದಲು ಮೇಲಿನ ಕೊಂಬೆ ಸವರಿ ಹೊರಗೆ ಎಳೆದುಹಾಕಿ, ಬುಡದಿಂದ ಎರಡು ಅಡಿ ಕಾಂಡ ಮಾತ್ರ ಉಳಿಸಿಕೊಳ್ಳಿ, ಹಿಡಿದು ಅಲ್ಲಾಡಿಸಲು ಅದು ಬೇಕು. ಆಮೇಲೆ ಗುದ್ದಲಿಯಿಂದ ಸುತ್ತ ಮಣ್ಣು ಬಿಡಿಸಿ, ಪಿಕಾಸಿಯ ಅಗಲದ ಬಾಯಿಂದ ಓರೆಯಾಗಿ ಹೊಡೆಯಿರಿ. ಸರಿಯಾದ ಜಾಗಕ್ಕೆ ಬಿದ್ದರೆ ನಾಲ್ಕೈದು ಏಟಿಗೆ ಬುಡ ಕೈಗೆ ಬರುತ್ತದೆ. ಬಂದ ಮೇಲೆ ಅದನ್ನು ತಿರುಗಿಸಿ ನೋಡಿ, ಗಂಟು ಪೂರ್ತಿ ಬುಡದ ಜೊತೆಗೇ ಬಂದಿರಬೇಕು. ಗಂಟಿನ ಚೂರು ಮಣ್ಣಲ್ಲಿ ಉಳಿದಿದ್ದರೆ ಅವತ್ತೇ ಕೆದಕಿ ತೆಗೆಯಿರಿ. ನಾಳೆ ನೋಡೋಣ ಅಂತ ಬಿಟ್ಟರೆ ಮತ್ತೆ ಅದು ಗಿಡವಾಗಿಯೇ ಕಾಣುತ್ತದೆ.

ಕಾಲ ಮುಖ್ಯ. ಬಿರುಬೇಸಿಗೆಯಲ್ಲಿ ನೆಲ ಕಲ್ಲಾಗಿರುತ್ತದೆ, ಕೈ ಬೊಬ್ಬೆ ಬರುವುದೊಂದೇ ಲಾಭ. ಭರಣಿ ಮಳೆ ಒಂದೆರಡು ಬಿದ್ದು ಮಣ್ಣು ಮೆತ್ತಗಾದ ಮೇಲೆ ಶುರು ಮಾಡಿ. ಗಿಡದ ತುಂಬ ಕರಿ ಹಣ್ಣು ತೂಗುವ ಮುಂಚೆ ಮುಗಿಸಿ. ಹಣ್ಣಿದ್ದಾಗ ಎಳೆದಾಡಿದರೆ ನೀವೇ ಬಿತ್ತನೆ ಮಾಡಿದ ಹಾಗೆ.

ಕಿತ್ತ ಗಿಡವನ್ನು ಹಸಿ ನೆಲದ ಮೇಲೆ ಹಾಗೇ ಬಿಡಬೇಡಿ. ಕೊಂಬೆ ಒದ್ದೆ ಮಣ್ಣಿಗೆ ತಾಗಿದರೆ ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಕಲ್ಲಿನ ಮೇಲೋ ಬಯಲಲ್ಲೋ ಬುಡ ಮೇಲೆ ಮಾಡಿ ಪೇರಿಸಿ, ಬಿಸಿಲಿಗೆ ಒಣಗಲಿ.

ಇನ್ನೊಂದು. ಕೈ ಹಾಕುವ ಮುಂಚೆ ಕೋಲಿನಿಂದ ಬಡಿದು ಸದ್ದು ಮಾಡಿ, ಹತ್ತು ನಿಮಿಷ ಬಿಡಿ. ತರಗೆಲೆ ಅಡಿಯಲ್ಲಿ ಕೊಳಕುಮಂಡಲ ಸುತ್ತಿಕೊಂಡು ಮಲಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಗಮ್‌ಬೂಟು, ದಪ್ಪ ಗ್ಲೌಸು, ಉದ್ದ ತೋಳಿನ ಅಂಗಿ. ಹಕ್ಕಿ ಗೂಡು ಇದೆಯಾ ಅಂತಲೂ ನೋಡಿ. ನಮ್ಮಲ್ಲಿ ಒಂದು ಮೆಳೆಯಲ್ಲಿ ಪಿಕಳಾರ ಮರಿ ಮಾಡಿತ್ತು. ಆ ಒಂದು ಮೆಳೆಯನ್ನು ಮೂರು ವಾರ ಬಿಟ್ಟೆವು, ಮರಿ ಹಾರಿದ ಮೇಲೆ ತೆಗೆದೆವು.

ತೀರ್ಥಹಳ್ಳಿಯಿಂದ

ಮೇಲಿನವರು ಹೇಳಿದ್ದು ಸರಿ ಇದೆ. ನಾನು ಹಸುವಿನ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ನಮಗೆ ಪೆಟ್ಟು ಬಿದ್ದದ್ದು ಅಲ್ಲಿ.

ನಮ್ಮ ಊರಿನ ದನಗಳು ಲಂಟಾನ ಮೂಸಿ ಬಿಟ್ಟುಬಿಡುತ್ತವೆ. ಆದರೆ ಬೇರೆ ಕಡೆಯಿಂದ ತಂದ ಹಸುವಿಗೆ ಅದು ಗೊತ್ತಿರುವುದಿಲ್ಲ. ನಾವು ಬೇಸಿಗೆಯಲ್ಲಿ ಕಪ್ಪು ಬಿಳಿ ಮಚ್ಚೆಯ ಒಂದು ಎಚ್‌ಎಫ್ ತಳಿಯ ಹಸು ತಂದೆವು. ಹಸಿರು ಅಂತ ಏನೂ ಇಲ್ಲದ ಕಾಲ, ಬೇಲಿ ಪಕ್ಕ ಕಟ್ಟಿದ್ದೆವು. ಎರಡು ದಿನ ಲಂಟಾನ ಸೊಪ್ಪು ತಿಂದಿದೆ, ನಮಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ಮೇವು ಬಿಟ್ಟಿತು, ಸಗಣಿ ಗಟ್ಟಿಯಾಯಿತು, ಕಣ್ಣು ಹಳದಿ. ಆಮೇಲೆ ಬಿಸಿಲು ಬಿದ್ದ ಕಡೆ ಚರ್ಮ ಸುಲಿಯಲು ಶುರು. ಅದೂ ಬಿಳಿ ಮಚ್ಚೆ ಇದ್ದ ಕಡೆ ಮಾತ್ರ. ಕಪ್ಪು ಭಾಗಕ್ಕೆ ಏನೂ ಆಗಿಲ್ಲ, ಪಕ್ಕದಲ್ಲೇ ಬಿಳಿ ಭಾಗ ಕಾಗದದ ಹಾಗೆ ಎದ್ದು ಬರುತ್ತಿತ್ತು. ಮೂಗಿನ ಮೇಲೆ ಹಸಿ ಗಾಯ. ಡಾಕ್ಟರು ಬಂದು ನೋಡಿ, ಸೊಪ್ಪಿನ ವಿಷ ಲಿವರ್‌ಗೆ ಹೋಗಿದೆ, ಅದಕ್ಕೇ ಬಿಸಿಲು ತಡೆಯುವುದಿಲ್ಲ ಅಂದರು. ಒಂದು ತಿಂಗಳು ಕತ್ತಲ ಕೋಣೆಯಲ್ಲಿ ಕಟ್ಟಿ, ಔಷಧಿ ಕೊಟ್ಟು, ಗಾಯಕ್ಕೆ ಬೇವಿನೆಣ್ಣೆ ಹಚ್ಚಿ ಉಳಿಸಿಕೊಂಡೆವು. ಅಮ್ಮ ರಾತ್ರಿ ಎದ್ದು ಎದ್ದು ಹೋಗಿ ನೋಡುತ್ತಿದ್ದರು. ಹಸು ಬದುಕಿತು, ಹಾಲು ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ.

ಆದ್ದರಿಂದ ಅಕ್ಕ, ಹಿತ್ತಲು ಪೂರ್ತಿ ಸ್ವಚ್ಛ ಆಗುವವರೆಗೆ ಹಸು ತರಬೇಡಿ. ಕಡಿದ ಸೊಪ್ಪನ್ನು ಕೊಟ್ಟಿಗೆಗೆ ಹಾಸಲೂಬೇಡಿ, ಒಣಗಿದ್ದಾದರೂ ಬೇಡ. ಮಗುವಿಗೂ ಹೇಳಿ ಇಡಿ. ಕಪ್ಪು ಹಣ್ಣನ್ನು ಚಿಕ್ಕವರಿದ್ದಾಗ ನಾವೆಲ್ಲ ತಿಂದವರೇ, ಆದರೆ ಹಸಿರು ಕಾಯಿ ವಿಷ. ಐದು ವರ್ಷದ ಮಗು ಕಾಯಿ ಯಾವುದು ಹಣ್ಣು ಯಾವುದು ಅಂತ ನೋಡಿ ತಿನ್ನುತ್ತದಾ? ಏನಾದರೂ ತಿಂದು ವಾಂತಿ, ಮಂಪರು ಅಂತಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಆನೇಕಲ್ ಹತ್ತಿರದಿಂದ

ಜೆಸಿಬಿ ಮತ್ತು ಔಷಧಿ ಎರಡನ್ನೂ ಮಾಡಿ ನೋಡಿದವನು ನಾನು. ಮೂವತ್ತು ನಲವತ್ತರ ಸೈಟು, ಹತ್ತು ವರ್ಷ ಖಾಲಿ ಬಿದ್ದಿತ್ತು. ಜೆಸಿಬಿ ಅರ್ಧ ದಿನದಲ್ಲಿ ಮೈದಾನ ಮಾಡಿಬಿಟ್ಟಿತು, ನೋಡಲು ಚೆನ್ನಾಗಿತ್ತು. ಆದರೆ ಅದು ಬುಡ ಕೀಳುವಾಗ ಚೂರು ಚೂರು ಮಾಡಿ ಮಣ್ಣಿನ ಜೊತೆ ಮಗುಚಿಹಾಕಿತ್ತು. ಮೇಲ್ಮಣ್ಣೆಲ್ಲ ಅಡಿಗೆ, ಅಡಿಯ ಬೀಜವೆಲ್ಲ ಮೇಲಕ್ಕೆ. ಮಳೆ ಬಂದು ಇಪ್ಪತ್ತು ದಿನಕ್ಕೆ ಸೈಟಿನ ತುಂಬ ರಾಗಿ ಬಿತ್ತಿದ ಹಾಗೆ ಸಸಿ. ದುಡ್ಡು ಹೋಯಿತು, ಒಳ್ಳೆ ಮಣ್ಣೂ ಹೋಯಿತು.

ಆಮೇಲೆ ಕಳೆನಾಶಕ ತಂದು ಹೊಡೆದೆ, ಗ್ಲೈಫೋಸೇಟ್. ಅಂಗಡಿಯವರು ಏನೂ ಆಗಲ್ಲ ಅಂದರು. ಗಾಳಿಗೆ ಹಾರಿ ಪಕ್ಕದ ಮನೆಯವರ ಕರಿಬೇವಿನ ಗಿಡ ಸುಟ್ಟುಹೋಯಿತು. ಅವರು ಹನ್ನೆರಡು ವರ್ಷದಿಂದ ಬೆಳೆಸಿದ್ದ ಗಿಡ, ನನಗೆ ಇವತ್ತಿಗೂ ಬೇಸರ ಇದೆ. ಲಂಟಾನದ ಎಲೆ ಹಳದಿಯಾಗಿ ಉದುರಿತು, ಎರಡು ತಿಂಗಳಿಗೆ ದಪ್ಪ ಬುಡಗಳೆಲ್ಲ ಮತ್ತೆ ಚಿಗುರಿದವು. ಆಮೇಲೆ ಓದಿ ತಿಳಿದದ್ದು ಏನೆಂದರೆ, ಪೆಸ್ಟ್ ಕಂಟ್ರೋಲ್ ಕೆಲಸದವರ ಮೂಲಕ ಬಿಟ್ಟು ಬೇರೆ ಯಾರೂ ಅದನ್ನು ಬಳಸುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ನಿಮ್ಮಲ್ಲಿ ಪಕ್ಕದಲ್ಲೇ ಬಾವಿ ಇದೆ ಅಂದಿರಿ. ಕುಡಿಯುವ ನೀರಿನ ಪಕ್ಕ ಔಷಧಿ ಬೇಡ, ಡೀಸೆಲ್ ಬೇಡ, ಸೀಮೆಎಣ್ಣೆ ಬೇಡ. ಉಪ್ಪು ಸುರಿದರೆ ಲಂಟಾನಕ್ಕಿಂತ ಮೊದಲು ಮಣ್ಣು ಹಾಳಾಗುತ್ತದೆ, ಆಮೇಲೆ ಅಲ್ಲಿ ಒಂದು ಸೊಪ್ಪೂ ಬೆಳೆಯುವುದಿಲ್ಲ.

ಕೊನೆಗೆ ನಾನೂ ಪಿಕಾಸಿಯನ್ನೇ ಹಿಡಿದೆ.

ಪ್ರಶ್ನೆ ಕೇಳಿದವರು, ಎಚ್.ಡಿ. ಕೋಟೆ

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಹಸುವಿನ ಕತೆ ಓದಿ ಮನೆಯವರಿಗೂ ಓದಿ ಹೇಳಿದೆ, ಜೆಸಿಬಿ ಮಾತು ಬಿಟ್ಟರು. ಇನ್ನು ಎರಡು ಕೇಳಬೇಕು. ಬಾವಿಯ ಕಲ್ಲುಕಟ್ಟಡದ ಸಂದಿಯಲ್ಲಿ ಒಂದು ಬುಡ ಇದೆ, ತೋಳಿನಷ್ಟು ದಪ್ಪ, ಅಲ್ಲಿ ಪಿಕಾಸಿ ಆಡಿಸಿದರೆ ಕಲ್ಲೇ ಸಡಿಲ ಆಗಬಹುದು. ಅದಕ್ಕೇನು ಮಾಡಲಿ? ಮತ್ತೆ, ಎಲ್ಲ ಕಿತ್ತ ಮೇಲೆ ಸಸಿ ಎಷ್ಟು ದಿನ ಬರುತ್ತಿರುತ್ತದೆ?

ಗುಂಡ್ಲುಪೇಟೆಯಿಂದ

ಕಲ್ಲಿನ ಸಂದಿಯದಕ್ಕೆ ತಾಳ್ಮೆಯೇ ಮದ್ದು. ಗರಗಸದಿಂದ ಕಲ್ಲಿನ ಮಟ್ಟಕ್ಕೆ ಕೊಯ್ದುಬಿಡಿ. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಹೋಗಿ, ಬಂದ ಚಿಗುರನ್ನು ಎರಡು ಎಲೆ ಇರುವಾಗಲೇ ಹೆಬ್ಬೆರಳಿಂದ ಒತ್ತಿ ಮುರಿದುಬಿಡಿ. ಎಲೆ ಅಗಲವಾಗಲು ಬಿಡಲೇಬೇಡಿ. ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಅದು ಚಿಗುರುತ್ತದೆ, ಎಲೆಯಿಂದ ವಾಪಸ್ ಸಂಪಾದನೆ ಆಗದಿದ್ದರೆ ಒಂದು ದಿನ ಬರಿದಾಗುತ್ತದೆ. ನಮ್ಮ ತೊಟ್ಟಿ ಗೋಡೆಯದು ಒಂದೂವರೆ ವರ್ಷ ತೆಗೆದುಕೊಂಡಿತು. ಬಾವಿ ಕಡೆ ಹೋದಾಗಲೆಲ್ಲ ಒಮ್ಮೆ ನೋಡಿದರೆ ಸಾಕು, ಬೇರೆ ಕೆಲಸ ಅಂತ ಇಟ್ಟುಕೊಳ್ಳಬೇಡಿ.

ಸಸಿ ವಿಷಯ. ಮೊದಲ ಮಳೆಗಾಲ ಜಾಸ್ತಿ ಬರುತ್ತದೆ, ಎರಡನೆಯದರಲ್ಲಿ ಕಡಿಮೆ, ಆಮೇಲೆ ಅಲ್ಲೊಂದು ಇಲ್ಲೊಂದು. ಎಳೆಯದಿದ್ದಾಗ ಎರಡು ಬೆರಳಲ್ಲಿ ಬರುತ್ತದೆ. ಗುರುತು ಹಿಡಿಯುವುದು ಸುಲಭ. ಎಲೆ ಮುಟ್ಟಿದರೆ ಒರಟು, ಕಾಂಡ ಬೆರಳಲ್ಲಿ ಉರುಳಿಸಿದರೆ ದುಂಡಗಿರುವುದಿಲ್ಲ, ನಾಲ್ಕು ಮೂಲೆ ಸಿಗುತ್ತದೆ. ಉಜ್ಜಿ ಮೂಸಿದರೆ ಆ ಘಾಟು ವಾಸನೆ, ಅದು ನಿಮಗೆ ಈಗ ಚೆನ್ನಾಗಿ ಗೊತ್ತಿರುತ್ತದೆ. ಎಲ್ಲ ಕಡೆ ಹುಡುಕಿ ಸುಸ್ತಾಗಬೇಡಿ. ಹಕ್ಕಿ ಕೂರುವ ಮರದ ಬುಡ, ಬೇಲಿ ತಂತಿಯ ಕೆಳಗೆ, ಮಳೆ ನೀರು ಹರಿದು ಹೋಗುವ ಕಾಲುವೆ ಅಂಚು, ಈ ಮೂರು ಕಡೆ ನೋಡಿ. ಪಿಕಳಾರ, ಗೊರವಂಕ ಹಣ್ಣು ತಿಂದು ಅಲ್ಲಿ ಕೂತು ಹಿಕ್ಕೆ ಹಾಕುತ್ತವೆ. ಪಕ್ಕದ ಜಮೀನಿನಲ್ಲಿ ಲಂಟಾನ ಇರುವ ತನಕ ಬೀಜ ಬರುತ್ತಲೇ ಇರುತ್ತದೆ, ಅದನ್ನು ತಡೆಯಲು ಆಗುವುದಿಲ್ಲ.

ಜಾಗ ಖಾಲಿ ಬಿಡಬೇಡಿ. ಇದೇ ನಾನು ಮೊದಲ ಸಲ ಮಾಡಿದ ತಪ್ಪು. ಬಿಸಿಲು ಬೀಳುವ ಬರಿ ನೆಲ ಸಿಕ್ಕರೆ ಲಂಟಾನಕ್ಕೆ ಹಬ್ಬ. ಕಿತ್ತ ವಾರದಲ್ಲೇ ಹುರುಳಿಯೋ ಅಲಸಂದೆಯೋ ಒತ್ತಾಗಿ ಚೆಲ್ಲಿ, ನೆಲ ಮುಚ್ಚಿಕೊಳ್ಳಲಿ. ಬೇಲಿಗೆ ಬೇಕಾದರೆ ಲಕ್ಕಿ ಗಿಡದ ಕಡ್ಡಿ ನೆಡಿ, ದನ ತಿನ್ನುವುದಿಲ್ಲ, ಸೊಪ್ಪು ಮೈಕೈ ನೋವಿಗೂ ಆಗುತ್ತದೆ.

ಸಿಂಧನೂರಿನಿಂದ

ನಮ್ಮ ಕಡೆ ಲಂಟಾನ ಕಡಿಮೆ, ನಮ್ಮ ತಲೆನೋವು ಬಳ್ಳಾರಿ ಜಾಲಿ. ಆದರೆ ಓದುತ್ತಾ ಓದುತ್ತಾ ಅನಿಸಿದ್ದು, ಎರಡರದ್ದೂ ಒಂದೇ ಗುಟ್ಟು. ಜಾಲಿಯನ್ನು ನೆಲದ ಮೇಲೆ ಕಡಿದರೆ ಒಂದು ಕಾಂಡ ಇದ್ದದ್ದು ಎಂಟಾಗಿ ಏಳುತ್ತದೆ. ನಮ್ಮಪ್ಪ ಬುಡದ ಸುತ್ತ ಮೊಳದಷ್ಟು ಅಗೆದು, ಮಣ್ಣೊಳಗೇ ಕೊಡಲಿ ಹಾಕುತ್ತಿದ್ದರು. ಹಾಗೆ ಕಡಿದದ್ದು ತಿರುಗಿ ಬರಲಿಲ್ಲ. ಇಲ್ಲಿ ಬೀಜ ಹರಡುವುದು ಆಡು ಕುರಿ. ಕಾಯಿ ಸಿಹಿ, ತಿಂದು ಹಿಕ್ಕೆ ಹಾಕಿದ ಕಡೆಯೆಲ್ಲ ಸಸಿ. ಕುರಿ ಗೊಬ್ಬರ ಹೊಲಕ್ಕೆ ಹಾಕುವವರು ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ. ಮುಳ್ಳು ಚಪ್ಪಲಿ ದಾಟಿ ಬರುತ್ತದೆ, ಆ ಕೆಲಸಕ್ಕೆ ಹೋಗುವವರು ಗಟ್ಟಿ ಬೂಟು ಹಾಕಿಕೊಳ್ಳಿ.

ಕೊಳ್ಳೇಗಾಲದಿಂದ

ಕಿತ್ತ ಕಡ್ಡಿಗಳನ್ನು ಎಸೆಯಬೇಡಿ ಅಂತ ಹೇಳಲು ಬಂದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಆ ಕೆಲಸ ಕಲಿಸಲು ನೆರವಾದರು. ಉದ್ದನೆಯ ನೇರ ಕಡ್ಡಿ ಆರಿಸಿ, ದೊಡ್ಡ ಡ್ರಮ್ಮಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಸಿಪ್ಪೆ ಸುಲಿಯುತ್ತಾರೆ. ಆಗ ಅದು ಬೆತ್ತದ ಹಾಗೆ ಬಾಗುತ್ತದೆ. ನಮ್ಮ ಮನೆಯಲ್ಲಿ ಅಂಥ ಒಂದು ಮೊರದಾಕಾರದ ಬುಟ್ಟಿ ಇದೆ, ಎಂಟು ವರ್ಷವಾಯಿತು, ಹುಳ ಹಿಡಿದಿಲ್ಲ. ಗೂಡಲೂರು ಕಡೆ ಕಾಡಿನ ಜನ ಇದೇ ಕಡ್ಡಿಯಿಂದ ನಿಜ ಗಾತ್ರದ ಆನೆಗಳನ್ನು ಕಟ್ಟಿದರು, ಅವು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು.

ಇನ್ನೊಂದು ಮಾತು, ಬೆಂಕಿ ವಿಷಯ ಬಂತಲ್ಲ, ಅದಕ್ಕೆ. ಬಿಳಿಗಿರಿರಂಗನ ಬೆಟ್ಟದ ಹಿರಿಯ ಸೋಲಿಗರು ಹೇಳುವುದು, ಹಿಂದೆ ಅವರು ಚಳಿಗಾಲ ಮುಗಿಯುವಾಗ ಸಣ್ಣ ತರಗು ಬೆಂಕಿ ಹಾಕುತ್ತಿದ್ದರು, ಅದು ತರಗೆಲೆಯನ್ನೂ ಎಳೆ ಸಸಿಯನ್ನೂ ಮಾತ್ರ ಸುಡುತ್ತಿತ್ತು, ಆಗ ಲಂಟಾನ ಇಷ್ಟು ಇರಲಿಲ್ಲ ಅಂತ. ಅದು ಕಾಡು ಬಲ್ಲವರು ಹೊತ್ತು ನೋಡಿ, ಗಾಳಿ ನೋಡಿ ಮಾಡುತ್ತಿದ್ದ ಕೆಲಸ. ಈಗ ಆಳೆತ್ತರ ಬೆಳೆದ ಮೆಳೆಗೆ ಬೆಂಕಿ ಇಡುವುದು ಬೇರೆಯೇ. ಎರಡನ್ನೂ ಒಂದೇ ಅಂತ ತಿಳಿಯಬಾರದು.

ಈ ಗಿಡ ನಮ್ಮದಲ್ಲವೇ ಅಲ್ಲ, ಅಮೆರಿಕ ಖಂಡದ್ದು. ಬ್ರಿಟಿಷರು ಹೂವಿನ ಚೆಂದಕ್ಕೆ ಅಂತ 1800ರ ದಶಕದ ಶುರುವಿನಲ್ಲಿ ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್ನಿಗೆ ತಂದದ್ದು. ಅಲ್ಲಿಂದ ನಿಮ್ಮ ಬಾವಿಕಟ್ಟೆ ತನಕ ಬಂದಿದೆ.

ಪ್ರಶ್ನೆ ಕೇಳಿದವರು, ಎಚ್.ಡಿ. ಕೋಟೆ (ಆರು ತಿಂಗಳ ನಂತರ)

ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಮೇ ತಿಂಗಳಲ್ಲಿ ಮಳೆ ಬಿದ್ದ ಮೂರನೇ ದಿನ ಶುರು ಮಾಡಿದೆವು. ನಾನು, ನಮ್ಮ ಮನೆಯವರು, ಪಕ್ಕದ ಮನೆ ಅಜ್ಜಯ್ಯ. ಮೊದಲ ದಿನ ಆರು ಬುಡ ಮಾತ್ರ, ಗಂಟು ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ತಿಳಿಯಲೇ ಇಲ್ಲ. ಎರಡನೇ ದಿನ ಅಜ್ಜಯ್ಯ ಒಂದು ಬುಡವನ್ನು ಬಕೆಟ್ ನೀರಲ್ಲಿ ತೊಳೆದು ತೋರಿಸಿದರು. ಮಣ್ಣು ಹೋದ ಮೇಲೆ ಗಂಟು ಬೇರೆ, ಬೇರು ಬೇರೆ ಅಂತ ಗೆರೆ ಎಳೆದ ಹಾಗೆ ಕಂಡಿತು. ಆಮೇಲೆ ಕೈ ಓಡಿತು. ಒಟ್ಟು ಒಂಬತ್ತು ದಿನ, ಬೆಳಗ್ಗೆ ಎರಡೆರಡು ಗಂಟೆ, ನಲವತ್ತೇಳು ಬುಡ. ಅದರಲ್ಲಿ ನಾಲ್ಕು ಮತ್ತೆ ಚಿಗುರಿದವು, ನಾಲ್ಕೂ ಮೊದಲ ದಿನ ಕಡಿದವು. ಮತ್ತೆ ಅಗೆದು ತೆಗೆದೆವು.

ಜಾಗಕ್ಕೆ ಅಲಸಂದೆ ಚೆಲ್ಲಿದ್ದೆ, ಈಗ ಕಾಲು ಇಡಲು ಜಾಗವಿಲ್ಲದ ಹಾಗೆ ಹಬ್ಬಿದೆ, ವಾರಕ್ಕೆರಡು ಸಲ ಪಲ್ಯ. ಬಾವಿ ಸಂದಿಯದು ಇನ್ನೂ ಚಿಗುರುತ್ತಿದೆ, ಆದರೆ ಮೊದಲು ಐದಾರು ಬರುತ್ತಿತ್ತು, ಈಗ ಒಂದೋ ಎರಡೋ. ಅದನ್ನು ಮುರಿಯುವುದು ಮಗಳ ಕೆಲಸ, ಮುರಿದು ಓಡಿ ಬಂದು ಕೈ ತೊಳೆದುಕೊಳ್ಳುತ್ತಾಳೆ. ಹಸು ಇನ್ನೂ ತಂದಿಲ್ಲ. ಮುಂದಿನ ಮಳೆಗಾಲ ಕಳೆಯಲಿ ಅಂತ ಇದ್ದೇವೆ.

ಗುಂಡ್ಲುಪೇಟೆಯಿಂದ

ಬಹಳ ಖುಷಿಯಾಯಿತು ತಂಗಿ. ಬುಡ ತೊಳೆದು ನೋಡುವುದು ನನಗೆ ಹೊಳೆದೇ ಇರಲಿಲ್ಲ, ಇನ್ನು ಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಮರದ ಬುಡ ನೋಡಿದಿರಾ?

ಪ್ರಶ್ನೆ ಕೇಳಿದವರು, ಎಚ್.ಡಿ. ಕೋಟೆ

ಈಗ ಹೋಗಿ ನೋಡಿದೆ ಅಣ್ಣ. ಹಲಸಿನ ಮರದ ಕೆಳಗೆ ಹನ್ನೊಂದು ಸಸಿ ಇತ್ತು, ಎಲ್ಲ ಬೆರಳುದ್ದ. ಕಿತ್ತು ಕಲ್ಲಿನ ಮೇಲೆ ಹಾಕಿದ್ದೇನೆ.